ಕೊನೆಯ ಹೊದಿಕೆಯ ತೂದಾ

ಬೆಳಗಿನ ನಮಾಜು ಮುಗಿದು ಗಂಡಸರು ಚದುರಿದ ಮೇಲೆ ತೂದಾ ಮಸೀದಿಯ ಹಿಂಬಾಗಿಲಿಗೆ ಬರುತ್ತಾರೆ. ಅಟ್ಲಾಸ್ ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮವಿದೆ; ಅಂಗಳದ ಕಲ್ಲು ಕಾಲಿಗೆ ಕೊರೆಯುತ್ತದೆ. ಬಗಲಲ್ಲಿ ಸೂಜಿ, ಬಿಳಿ ಉಣ್ಣೆಯ ನೂಲುಂಡೆ. ಉಗ್ರಾಣದ ಮೂಲೆಯಲ್ಲಿ ಶವ ಹೊರುವ ಮಂಚ, ಅದರ ಪಕ್ಕಕ್ಕೆ ದೇವದಾರು ಮರದ ಪೆಟ್ಟಿಗೆ. ಬಿಸ್ಮಿಲ್ಲಾ ಎಂದು ಮುಚ್ಚಳ ಎತ್ತುತ್ತಾರೆ. ಪೆಟ್ಟಿಗೆ ಬರಿದು.

ಅವರ ಕೈ ಮುಚ್ಚಳದ ಮೇಲೆಯೇ ನಿಂತುಬಿಡುತ್ತದೆ. ರಾತ್ರಿ ಊರಲ್ಲಿ ಯಾರೂ ಸತ್ತಿಲ್ಲ. ಸತ್ತಿದ್ದರೆ ಅವರ ಬಾಗಿಲನ್ನೇ ಮೊದಲು ತಟ್ಟುತ್ತಿದ್ದರು.

ಐತ್ ಉಮ್ಗರ್ ಎಂಬ ಈ ಊರಿನಲ್ಲಿ ಹೆಣ್ಣಾಗಿ ಹುಟ್ಟಿದವಳು ಮಗ್ಗದ ಮುಂದೆ ಕೂರದೆ ಇರುವುದಿಲ್ಲ. ವಸಂತದ ನೇಯ್ಗೆ ಹಬ್ಬದಲ್ಲಿ ಬಹುಮಾನ ಪಡೆದ ಹೆಂಗಸರ ಹೆಸರು ಕಣಿವೆಯ ಆಚೆಗೂ ಗೊತ್ತು. ತೂದಾರ ಹೆಸರನ್ನು ಅಲ್ಲಿ ಯಾರೂ ಕರೆದದ್ದಿಲ್ಲ. ಅವರ ಕೈಯ ಒಂದೇ ಒಂದು ನೇಯ್ಗೆಯನ್ನು ಊರು ನೋಡಿದೆ, ಅದನ್ನೂ ನೀರು ತುಂಬಿದ ಕಣ್ಣಿನಿಂದ. ಯಾರೇ ತೀರಿಕೊಂಡರೂ ಮಂಚದ ಮೇಲಿನ ಶವಕ್ಕೆ ಹೊದಿಸುವುದು ಅವರು ಮಸೀದಿಗೆ ಕೊಟ್ಟ ಬಿಳಿ ಹೊದಿಕೆಯನ್ನು. ಮಣ್ಣು ಮುಗಿದ ಮರುದಿನ ಅದನ್ನು ಹೊಳೆಗೆ ಒಯ್ದು ಒಗೆಯುವವರು, ಹರಿದಲ್ಲಿ ಹೊಲಿಯುವವರು, ಆ ಪೆಟ್ಟಿಗೆಯಲ್ಲಿ ಮಡಿಸಿಡುವವರು ಅವರೇ.

ಇದಕ್ಕೆ ಅವರನ್ನು ಯಾರೂ ನೇಮಿಸಿದ್ದಲ್ಲ. ಮಗಳು ಇಜ್ಜಾ ಜ್ವರದಲ್ಲಿ ಕಣ್ಣು ಮುಚ್ಚಿದ ವರ್ಷದಿಂದ ನಡೆದುಬಂದಿದೆ. ದೇವರು ಕೊಟ್ಟಿದ್ದ, ದೇವರೇ ಕರೆಸಿಕೊಂಡ; ತಾಯಿಗೆ ಎರಡು ಕೈ ಉಳಿದವು. ಬೇಸರವಾಗುವುದಿಲ್ಲವೇ ಎಂದು ಕೇಳಿದವರಿಗೆ ತೂದಾ ಹೇಳುವುದು ಇಷ್ಟು: "ಬದುಕಿರೋವ್ರ ಕಂಬಳಿ ಒಗೆದ್ರೆ ನೂರು ಕೊಂಕು ತೆಗೀತಾರೆ. ಇವರು ಒಬ್ರೂ ಒಂದು ಮಾತು ಅಂದಿಲ್ಲ."

ಈಗ ತೂದಾ, ಮಸೀದಿ ನೋಡಿಕೊಳ್ಳುವ ಬಸ್ಸೂ ಎಂಬ ಮುದುಕನನ್ನು ಹುಡುಕಿ ಕೇಳುತ್ತಾರೆ. ಇವತ್ತಿನ ಹಬ್ಬದ ಅಲಂಕಾರಕ್ಕೆಂದು ಪಟ್ಟಣದಿಂದ ಬಂದ ಹುಡುಗಿಯರು ನಿನ್ನೆ ಕೂರಲು ಚಾಪೆ ಬೇಕೆಂದರಂತೆ. ಕೀಲಿ ಕೊಟ್ಟು ಬಸ್ಸೂ ಚಹಾ ಕುಡಿಯಲು ಹೋದರಂತೆ. ಪೆಟ್ಟಿಗೆ ಬರಿದಾದ ಮಾತು ಕೇಳಿ ಮುದುಕ ತಟ್ಟನೆ ಎದ್ದುಬಿಡುತ್ತಾರೆ. ಇಬ್ಬರೂ ಹಬ್ಬದ ಬಯಲಿಗೆ ಇಳಿಯುತ್ತಾರೆ. ಒಂದೊಂದೇ ಗುಡಾರ ಹುಡುಕುವಷ್ಟರಲ್ಲಿ ಬಿಸಿಲೇರಿ ಜನ ಕಿಕ್ಕಿರಿಯುತ್ತಾರೆ.

ಹಬ್ಬದ ಬಯಲಿನಿಂದ ನಿಜವಾದ ಒಂದು ಮದುವೆಯ ದಿಬ್ಬಣ ಹೊರಡುವುದು ವಾಡಿಕೆ. ಈ ಸಲದ ಮದುಮಗಳು ಯಾಮ್ನಾ, ತೂದಾರ ಪಕ್ಕದ ಮನೆಯ ಹುಡುಗಿ. ಅವಳ ತಂದೆ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಾನೆ. ಹೇಸರಗತ್ತೆಯ ಮೇಲೆ ಕುಳಿತು ಅವಳು ಅಲಂಕಾರದ ಗುಡಾರದಿಂದ ಹೊರಬರುತ್ತಾಳೆ. ಮುಖಕ್ಕೆ ದಪ್ಪನೆಯ ಕೆಂಪು ಮುಸುಕು. ಹೆಗಲ ಮೇಲೆ ಏನು ಹೊದಿಸಿದ್ದಾರೆಂದು ಅವಳಿಗೆ ಕಾಣದು. ಹೊದಿಸಿರುವುದು ಅವಳ ತಂದೆಯನ್ನು ಗೋರಿಗೆ ಕಳಿಸಿದ ಹೊದಿಕೆ.

ಡೋಲುಗಳು ಒಂದೊಂದಾಗಿ ನಿಲ್ಲುತ್ತವೆ. ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕುತ್ತಿದ್ದ ಹೆಂಗಸರು ಅರ್ಧದಲ್ಲೇ ನಿಲ್ಲಿಸುತ್ತಾರೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕುಸಿದು ಕೂರುತ್ತಾಳೆ. ಅದು ಯಾಮ್ನಾಳ ತಾಯಿ. ಪಟ್ಟಣದ ಹುಡುಗಿಯರು ಮಾತ್ರ ಇನ್ನೂ ನಗುತ್ತಿದ್ದಾರೆ. ಊರೆಲ್ಲ ಜಾಲಾಡಿದರೂ ಇದಕ್ಕಿಂತ ಚೆಂದದ ಹಳೆಯ ಹೊದಿಕೆ ಅವರಿಗೆ ಸಿಕ್ಕಿರಲಿಲ್ಲ.

"ಯಾಕೆ ನಿಲ್ಸಿದ್ರಿ?" ಮುಸುಕಿನೊಳಗಿಂದ ಯಾಮ್ನಾ ಕೇಳುತ್ತಾಳೆ.

ವರನ ತಾಯಿ ಮಹ್ಜೂಬಾ ಮುಂದೆ ಬಂದು ಹೇಸರಗತ್ತೆಯ ಹಗ್ಗ ಹಿಡಿಯುತ್ತಾರೆ. "ಇದನ್ನ ಹಿಂದಕ್ಕೆ ತಿರುಗಿಸಿ. ನಾವು ಕೇಳಿದ್ದು ಹೆಣ್ಣನ್ನ, ಹೆಣವನ್ನಲ್ಲ."

ದಾರಿಯಿಂದ ತಿರುಗಿದ ಮದುಮಗಳ ಬಾಗಿಲಿಗೆ ಆ ಕಣಿವೆಯಲ್ಲಿ ಇನ್ನೊಂದು ದಿಬ್ಬಣ ಬರುವುದಿಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತು. ಯಾಮ್ನಾಳ ಕೈ ಮುಸುಕಿನ ಕೆಳಗೆ ಹೊದಿಕೆಯನ್ನು ತಡವುತ್ತದೆ, ತಟ್ಟನೆ ಹಿಂದೆ ಸರಿಯುತ್ತದೆ.

ತೂದಾ ಗುಂಪನ್ನು ಸೀಳಿಕೊಂಡು ಬರುತ್ತಾರೆ. ಹೊದಿಕೆಯ ಅಂಚನ್ನು ಹಿಡಿದು ಮಹ್ಜೂಬಾರ ಕಣ್ಣಿನ ಹತ್ತಿರಕ್ಕೆ ಒಯ್ಯುತ್ತಾರೆ. ಅಂಚಿನುದ್ದಕ್ಕೂ ನೂಲಿನ ಸಣ್ಣ ಸಣ್ಣ ಕುಣಿಕೆಗಳಿವೆ. ಅಂದಕ್ಕೆ ಬಿಟ್ಟ ದಾರವೆಂದು ಊರು ಇಷ್ಟು ವರ್ಷ ಅದನ್ನು ಲಕ್ಷಿಸಿರಲಿಲ್ಲ. ಮದುವೆಯ ಹೊದಿಕೆಗೆ ಬೆಳ್ಳಿಬಿಲ್ಲೆ ಕಟ್ಟುವುದು ಇಂಥ ಕುಣಿಕೆಗೇ.

"ಸತ್ತವರಿಗೆ ಬಿಲ್ಲೆ ಯಾಕೆ ಮಹ್ಜೂಬಾ? ಇದು ನನ್ನ ಇಜ್ಜಾ ಮದುವೆಗೆ ಅಂತ ನೆಯ್ದದ್ದು. ಬಿಲ್ಲೆ ಕಟ್ಟೋದೊಂದು ಬಾಕಿ ಇತ್ತು, ಅಷ್ಟರಲ್ಲಿ ಅವಳೇ ಹೋದಳು. ಮನೇಲಿ ಇಟ್ಕೊಂಡು ನೋಡೋಕಾಗ್ದೆ ಮಸೀದಿಗೆ ಕೊಟ್ಟೆ." ತೂದಾ ಉಸಿರೆಳೆದುಕೊಳ್ಳುತ್ತಾರೆ. "ಮದುಮಗಳ ಬಟ್ಟೇನ ಸತ್ತವರು ಎರವಲು ತಗೊಂಡಿದ್ರು. ಇವತ್ತು ವಾಪಸ್ ಕೊಟ್ಟಿದಾರೆ. ಇವಳಪ್ಪನೂ ಕೊಟ್ಟಿದಾನೆ."

ಮಹ್ಜೂಬಾ ಒಂದು ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿ ಜಗ್ಗಿ ನೋಡುತ್ತಾರೆ. ಗಟ್ಟಿಯಾಗಿದೆ. "ಇದೊಂದು ಮಾತು ಹೇಳೋಕೆ ನಿಂಗೆ ಇಷ್ಟು ವರ್ಷ ಬೇಕಾಯ್ತಾ, ತೂದಾ?" ಎಂದು ಗದರುತ್ತಾರೆ. ಆಮೇಲೆ ತಮ್ಮ ಕೊರಳಿನ ಸರದಿಂದ ಒಂದು ಬೆಳ್ಳಿಬಿಲ್ಲೆ ಕಿತ್ತು ಆ ಕುಣಿಕೆಗೆ ಕಟ್ಟುತ್ತಾರೆ, ಹಗ್ಗವನ್ನು ತಮ್ಮ ಮನೆಯ ದಾರಿಗೆ ಎಳೆಯುತ್ತಾರೆ. ಡೋಲು ಅಳುಕುತ್ತ ಮತ್ತೆ ಶುರುವಾಗುತ್ತದೆ.

ದಿಬ್ಬಣ ಹೊಳೆ ದಾಟಿದ ಮೇಲೆ ಪಟ್ಟಣದ ಹುಡುಗಿಯೊಬ್ಬಳು ಅತ್ತುಕೊಂಡು ಬಂದು, ಸಂಜೆಗೆ ಹೊದಿಕೆ ತಂದುಕೊಡುತ್ತೇನೆ ಎನ್ನುತ್ತಾಳೆ. ಮದುಮಗಳಿಗೆ ಕೊಟ್ಟದ್ದನ್ನು ವಾಪಸು ಕೇಳುವುದು ಎಲ್ಲಿಯಾದರೂ ಉಂಟೇ ಎಂದು ತೂದಾ ಅವಳ ಕಣ್ಣೊರೆಸಿ ಕಳಿಸುತ್ತಾರೆ. ತಲೆ ತಗ್ಗಿಸಿ ನಿಂತಿದ್ದ ಬಸ್ಸೂ, ಇನ್ನು ಮಸೀದಿಯ ಮಂಚಕ್ಕೆ ಏನು ಗತಿ ಎಂದು ಮೆಲ್ಲಗೆ ಕೇಳುತ್ತಾರೆ.

"ನಾಳೆ ಹೊಸ ಹೊದಿಕೆಗೆ ಮಗ್ಗದಲ್ಲಿ ಹಾಸು ಹೂಡ್ತೀನಿ," ಎನ್ನುತ್ತಾರೆ ತೂದಾ. "ನೆಯ್ದು ಮುಗಿಯೋವರೆಗೆ ಯಾರೂ ಸಾಯಬಾರದು ಅಂತ ಊರಿಗೆ ಕೂಗಿ ಹೇಳು. ಮುಗಿದ ಮೇಲೆ ಮೊದಲನೇ ಸರದಿ ನಂದು, ಇನ್ಶಾ ಅಲ್ಲಾ. ಆ ಸಾಲಲ್ಲಿ ಮಾತ್ರ ನನಗಿಂತ ಮುಂದೆ ಯಾರೂ ನುಗ್ಗೋದು ಬೇಡ."