ಖಾಲಿ ಜೀಪಿನ ಏರು

ಸಂಪಾಜೆ ಕಡೆಯ ಬಾಳೆಗುಡ್ಡೆಗೆ ಬಸ್ಸು ಹೋಗುವುದಿಲ್ಲ. ಡಾಮರು ರಸ್ತೆ ಮುಗಿದಲ್ಲಿಂದ ಮೇಲಕ್ಕೆ ಶೀನಪ್ಪನ ಜೀಪೇ ಗತಿ. ಮದುವೆಗೆ ಹೋಗುವವರು, ಆಸ್ಪತ್ರೆಯಿಂದ ಬರುವವರು, ಸಿಮೆಂಟು, ಅಕ್ಕಿ, ಕೋಳಿ ಎಲ್ಲವೂ ಅದರಲ್ಲೇ ಹತ್ತಬೇಕು. ಕಾಲಿಡಲು ಜಾಗವಿಲ್ಲದಷ್ಟು ಜನರನ್ನು ಹಿಂದೆ ತುಂಬಿಸಿ, ಮಿಕ್ಕವರನ್ನು ನೇತಾಡಿಸಿ, ಆಕ್ಸಿಲೇಟರ್ ಒತ್ತಿ ಒಂದೇ ದಮ್ಮಿಗೆ ಏರು ಹತ್ತಿಸುವುದು ಅವನ ಗತ್ತು. ಹತ್ತಿದ ಮೇಲೆ ಯಾರಾದರೂ ಒಂದು ಒಳ್ಳೆಯ ಮಾತು ಆಡಲೇಬೇಕು. ಆಡದಿದ್ದರೆ ಅವತ್ತಿಡೀ ಅವನ ಮುಖ ಊದಿಕೊಂಡೇ ಇರುತ್ತಿತ್ತು.

ಅಂಥವನ ಮನೆ ಅಂಗಳಕ್ಕೆ ಜೀಪು ಕ್ಲಬ್ಬಿನವರು ಬಂದು, "ಪಂಕಜಕ್ಕ ಇದ್ದಾರಾ?" ಎಂದು ಕೇಳಿದರೆ ಹೇಗಾಗಬೇಡ?

ಪಂಕಜಾಕ್ಷಿ ಅವನ ಹೆಂಡತಿ. ಅವಳಿಗೆ ಜೀಪು ಕಲಿಸಿದ್ದು ಅವನೇ. ಗುಡ್ಡದ ಮೇಲಿನ ತಮ್ಮ ರಬ್ಬರ್ ತೋಟದಿಂದ ಹಾಲು ಇಳಿಸಲು ಬೆಳಿಗ್ಗೆ ಏಳುವುದು ಅವನಿಗೆ ಉದಾಸೀನ, ಅದಕ್ಕಾಗಿ ಕಲಿಸಿದ್ದು. ಅವಳು ಖಾಲಿ ಜೀಪು ಹತ್ತಿಸಿ, ಕ್ಯಾನುಗಳಲ್ಲಿ ರಬ್ಬರ್ ಹಾಲು ತುಂಬಿಸಿ ಇಳಿಸಿ ತಂದು, ಜನರ ಟ್ರಿಪ್ಪಿನ ಹೊತ್ತಿಗೆ ಗಂಡನ ಕೈಗೆ ಕೀ ಕೊಡುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಪಕ್ಕದ ಮಣ್ಣಿನ ಬರೆ ಕುಸಿದು ದಾರಿ ಕೆಸರಾದಾಗ ಅವಳು ಜೀಪು ದಾಟಿಸಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಸುಳ್ಯ, ಕಡಬ, ಪುತ್ತೂರು ಎಲ್ಲ ಸುತ್ತಿತ್ತು. ಈಗ ದಾರಿಯಿಲ್ಲದ ಗುಡ್ಡ ಹತ್ತಿಸುವ ಆಫ್‌ರೋಡ್ ಸ್ಪರ್ಧೆಯಲ್ಲಿ ಹೆಂಗಸರ ವಿಭಾಗಕ್ಕೆ ಅವಳು ಬರಲೇಬೇಕಂತೆ.

"ಗಂಡಸರಿಗೆ ಎಂತ ಇಲ್ಲವಾ?" ಎಂದು ಶೀನಪ್ಪ ಕೇಳಿದ.

"ಉಂಟು ಶೀನಪ್ಪಣ್ಣ, ನೀವೂ ಬನ್ನಿ" ಎಂದರು. ಬಾಯಿಮಾತಿಗೆ ಊಟಕ್ಕೆ ಕರೆದ ಹಾಗಿತ್ತು. ಅವನಿಗೆ ಹೊಟ್ಟೆ ಉರಿಯಿತು. ಊರಿನವರ ಬಾಯಲ್ಲಿ ಜೀಪೆಂದರೆ ಶೀನಪ್ಪ. ಅದೊಂದೇ ಅವನ ಆಸ್ತಿ. ಅದೂ ಹೆಂಡತಿಯ ಪಾಲಾದರೆ ತಾನು ಯಾರು? ಇಬ್ಬರಿಗೂ ಇದೇ ಜೀಪೆಂದು ಹೇಳಿ ತನ್ನ ಹೆಸರನ್ನೂ ಬರೆಸಿದ.

ಮರುದಿನವೇ ಜೀಪು ಮೂಸಕುಂಞಿಯ ಗ್ಯಾರೇಜು ಸೇರಿತು. ಶೀನಪ್ಪ ಅಲ್ಲೇ ಠಿಕಾಣಿ ಹೂಡಿದ. ದೊಡ್ಡ ಹಲ್ಲಿನ ಟಯರು ಹಾಕಿಸಿದ. ಅಡಿಯ ಸ್ಪ್ರಿಂಗಿನ ಲೀಫು ಎತ್ತರಿಸಿದ. ನೀರು ನುಗ್ಗದಂತೆ ಇಂಜಿನ್ನಿಗೆ ಗಾಳಿ ಹೋಗುವ ಪೈಪನ್ನು ತಲೆಮಟ್ಟಕ್ಕೆ ತಂದ. ಮಗುಚಿದರೆ ತಲೆ ಉಳಿಯಲೆಂದು ಮೇಲೆ ಕಬ್ಬಿಣದ ಪೈಪಿನ ಗೂಡು, ಎಳೆಯಲು ಮುಂದೆ ಕೊಕ್ಕೆ. ಆಮೇಲೆ ಹಿಂದಿನ ಸೀಟು, ಟಾರ್ಪಾಲು, ಸ್ಟೆಪ್ನಿ, ಒಂದೊಂದಾಗಿ ಕಳಚತೊಡಗಿದ.

"ಹಿಂದೆ ಭಾರವೇ ಇಲ್ಲದಿದ್ದರೆ ಚಕ್ರ ಕುಣಿಯುದಿಲ್ಲವಾ ಶೀನಪ್ಪಣ್ಣ?" ಮೂಸಕುಂಞಿ ಕೇಳಿದ.

"ಹಗುರ ಆದಷ್ಟೂ ಹಾರ್ತದೆ ಮಾರಾಯ. ನನಗೆ ಹೇಳಿಕೊಡ್ಬೇಡ."

ಪಂಕಜಾಕ್ಷಿ ಒಮ್ಮೆ ಬಂದು ಸೀಟು ಮುಂದೆ ಸರಿಸಿ ಕೂತು ನೋಡಿದಳು. ಅವಳು ಅತ್ತ ಹೋದದ್ದೇ ಶೀನಪ್ಪ ಅದನ್ನು ಹಿಂದಕ್ಕೆ ದೂಡಿದ. ತಾನು ಮೈ ಮುರಿದು ತಯಾರು ಮಾಡುವ ಗಾಡಿಯಲ್ಲಿ ಅವಳು ಹೆಸರು ಮಾಡುವುದೆಂದರೆ ಅವನಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿದಂತಿತ್ತು.

ಸ್ಪರ್ಧೆಯ ದಿನ ಬೇರೆ ಊರಿನ ರಬ್ಬರ್ ತೋಟವೊಂದರ ಪಕ್ಕದ ಗುಡ್ಡದಲ್ಲಿ ಜನವೋ ಜನ. ಬಾಳೆಗುಡ್ಡೆಯವರೂ ಬಂದಿದ್ದರು. ಮೊದಲು ಗಂಡಸರ ಸರದಿ. ಶೀನಪ್ಪ ಅಂಗಿಯ ತೋಳು ಮಡಚಿ ಜೀಪು ಹತ್ತಿದ, ಯಾವತ್ತಿನಂತೆ ಆಕ್ಸಿಲೇಟರ್ ಒತ್ತಿ ನುಗ್ಗಿಸಿದ. ಏರಿನ ಅರ್ಧದಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಣಿಯತೊಡಗಿದವು. ಒತ್ತಿದಷ್ಟೂ ಕೆಸರು ಹಾರಿತೇ ಹೊರತು ಜೀಪು ಮುಂದೆ ಹೋಗಲಿಲ್ಲ. ಅಡ್ಡ ಜಾರಿ ಬರೆಗೆ ಒರಗಿ ನಿಂತಿತು. ಜನ ತುಂಬಿದ ಜೀಪಿಗೆ ಆ ಜನರೇ ಹಿಡಿತವಾಗಿದ್ದರು ಎಂಬುದು ಅವನಿಗೆ ಹೊಳೆದದ್ದು ಆಗ. ಖಾಲಿ ಜೀಪನ್ನು ಅವನು ಗುಡ್ಡ ಹತ್ತಿಸಿದ್ದೇ ಇಲ್ಲ.

ಹಗ್ಗ ಕಟ್ಟಿ ಎಳೆದರು. ಬಾಳೆಗುಡ್ಡೆಯವರು ಪಾಪ, ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಹೆಂಗಸರ ಸರದಿ ಬಂತು. ಪಂಕಜಾಕ್ಷಿ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿಯುತ್ತ ಬಂದಳು. "ಟಯರಿನ ಗಾಳಿ ಸ್ವಲ್ಪ ಇಳಿಸ್ತೀರಾ? ಹೀಗೆ ಗಟ್ಟಿ ಇದ್ದರೆ ಹಿಡಿಯುದಿಲ್ಲ. ನಾನು ಅಷ್ಟರಲ್ಲಿ ಹೆಲ್ಮೆಟ್ ತರ್ತೇನೆ."

ಶೀನಪ್ಪ ವಾಲ್ವು ಒತ್ತಲು ಮೊಳೆ ಹಿಡಿದು ಕುಕ್ಕರಗಾಲಲ್ಲಿ ಕೂತ. ಮುಂದಿನ ಎರಡರ ಗಾಳಿ ಬಿಟ್ಟ. ಹಿಂದಿನ ಎಡಗಡೆಯದ್ದನ್ನೂ ಬಿಟ್ಟ. ಕೊನೆಯದರ ಬಳಿ ಅವನ ಕೈ ನಿಂತಿತು. ಇವಳೂ ಹತ್ತದಿರಲಿ, ಇದೊಂದು ಸಲ ಹತ್ತದಿರಲಿ ಎಂದು ಮನಸ್ಸು ಹಟ ಹಿಡಿಯಿತು. ಗಾಳಿ ಬಿಡದೆ ಹಾಗೇ ಎದ್ದು ಕೈ ಒರೆಸಿಕೊಂಡ.

ಅವಳು ಬಂದು ಒಂದೊಂದೇ ಟಯರನ್ನು ಕಾಲಿನಿಂದ ಒತ್ತಿ ನೋಡುತ್ತ ಜೀಪಿಗೆ ಸುತ್ತು ಹಾಕಿದಳು. ಕೊನೆಯದರ ಹತ್ತಿರ ನಿಂತಳು.

"ಇದೊಂದು ಬಾಕಿ ಉಂಟಲ್ಲ?"

"ಮರೆತುಹೋಯ್ತು" ಎಂದ ಶೀನಪ್ಪ.

ಅವಳು ಕೈ ಚಾಚಿದಳು. ಅವನು ಮೊಳೆ ಕೊಟ್ಟ. ಗಾಳಿ ಸುಯ್ಯೆನ್ನುತ್ತ ಇಳಿಯುವವರೆಗೂ ಅವಳು ಬಗ್ಗಿಯೇ ಇದ್ದಳು. ಎದ್ದವಳು ಮೊಳೆಯನ್ನು ಅವನ ಕೈಗೇ ಕೊಟ್ಟು ಸ್ಟಿಯರಿಂಗಿನ ಮುಂದೆ ಕೂತಳು.

ಜೀಪು ನಡೆಯಿತು; ಓಡಲಿಲ್ಲ, ನಡೆಯಿತು. ಚಕ್ರ ಜಾರಿದಲ್ಲಿ ಅವಳು ಕಾಲು ಸಡಿಲಿಸುವಳು, ಮಣ್ಣು ಸಿಕ್ಕಿದ ಮೇಲೆ ಮೆಲ್ಲ ಒತ್ತುವಳು. ಅವನು ಸಿಕ್ಕಿಬಿದ್ದ ಜಾಗದಲ್ಲಿ ಹಿಂಭಾಗ ಒಮ್ಮೆ ಅಡ್ಡ ಎಳೆಯಿತು. ಶೀನಪ್ಪ ತುದಿಗಾಲಲ್ಲಿ ನಿಂತ. ಜೀಪು ಜಾರಲಿ ಎಂದೋ, ಹತ್ತಲಿ ಎಂದೋ ಅವನಿಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅದು ತುದಿ ಮುಟ್ಟಿತ್ತು.

ಮೈಕಿನವನು ಅವಳ ಬಳಿಗೆ ಓಡಿದ. "ಗಾಡಿ ತಯಾರು ಮಾಡಿದ್ದು ಯಾರು ಪಂಕಜಕ್ಕ?"

ಅವಳು ಮೇಲಿನಿಂದ ಶೀನಪ್ಪನನ್ನು ಹುಡುಕಿ ನೋಡಿದಳು. "ನಮ್ಮವರೇ. ಟಯರಿನ ಗಾಳಿವರೆಗೆ ಎಲ್ಲ ಅವರೇ ನೋಡಿಕೊಂಡದ್ದು."

ಜನ ಚಪ್ಪಾಳೆ ತಟ್ಟಿದರು. ಮೂಸಕುಂಞಿ ಬಂದು ಅವನ ಹೆಗಲಿಗೆ ಕೈ ಹಾಕಿದ. ಬಾಳೆಗುಡ್ಡೆಯವರೆಲ್ಲ ಅವನತ್ತ ತಿರುಗಿ ನಗುತ್ತಿದ್ದರು. ಶೀನಪ್ಪ ತಲೆ ಎತ್ತಲಿಲ್ಲ. ಹೆಂಡತಿ ತನ್ನ ಮಾನ ಉಳಿಸಿದಳೋ, ಚುಚ್ಚಿದಳೋ ತಿಳಿಯಲಿಲ್ಲ. ಕೇಳೋಣವೆಂದರೆ, ಮರೆತದ್ದಲ್ಲ ಎಂದು ಮೊದಲು ಅವನೇ ಹೇಳಬೇಕಿತ್ತು.