ಮುಗೀತು ಎನ್ನುವ ಮಾತು

ಮಗಳು ಗಿರಿಜಾಳ ತಲೆಗೆ ನೀರು ಹಾಕಲು ಬಲಗೈ ಎತ್ತಿದೆ. ಕಂಕುಳ ಹತ್ತಿರ ಏನೋ ಎಳೆದಂತಾಯಿತು. ಆಮೇಲೆ ಮುಟ್ಟಿ ನೋಡಿಕೊಂಡೆ. ಗಂಟು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಹೆದರುವುದೇಕೆ ಎಂದು ಮಗಳ ತಲೆ ಒರೆಸಿ, ಜಡೆ ಹಾಕಿ, ಸಂಪಗಾಂವದಿಂದ ಬೈಲಹೊಂಗಲದ ಬಸ್ಸು ಹತ್ತಿಸಿಕೊಂಡು ಸಾಲಿಗೆ ಬಿಟ್ಟು ಬಂದೆ.

ಬೆಳಗಾವಿಯ ಡಾಕ್ಟರು ಬಯಾಪ್ಸಿ ರಿಪೋರ್ಟು ಓದಿ, ನನ್ನನ್ನು ಬಿಟ್ಟು ನಮ್ಮ ಯಜಮಾನರ ಮುಖ ನೋಡಿದರು.

ಬ್ರೆಸ್ಟ್ ಕ್ಯಾನ್ಸರ್.

ಆಪರೇಷನ್ ಆಗಬೇಕು, ಆಮೇಲೆ ಕೀಮೋಥೆರಪಿ, ಬಲಗೈಯಲ್ಲಿ ಭಾರ ಎತ್ತುವಂತಿಲ್ಲ ಎಂದರು. ನಾನು ಕೇಳಿದ್ದು ಒಂದೇ ಮಾತು. "ಹಂಗಾದ್ರ ನನ್ನ ಮಗಳಿಗೆ ನೀರು ಎರಿಯಾವ್ರು ಯಾರ್ರಿ?" ಕೂಸು ಸಣ್ಣದೇ ಎಂದು ಕೇಳಿದರು. ಹದಿಮೂರು ವರ್ಷ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ಗಿರಿಜಾಗೆ ಚಿಕ್ಕಂದಿನಲ್ಲಿ ಮೆದುಳು ಜ್ವರ ಬಂದಿತ್ತು. ಜ್ವರ ಇಳಿಯಿತು, ಬುದ್ಧಿ ಅಲ್ಲೇ ನಿಂತಿತು. ಅವಳ ವಯಸ್ಸಿನವರು ಏಳನೇ ಇಯತ್ತೆಯಲ್ಲಿ ಲೆಕ್ಕ, ಇಂಗ್ಲಿಷು ಅಂತ ಒದ್ದಾಡುವಾಗ, ಇಂಥ ಮಕ್ಕಳ ಸಾಲಿಯಲ್ಲಿ ಇವಳು ಗುಂಡಿ ಹಾಕಿಕೊಳ್ಳುವುದು, ತಾಟು ತೊಳೆಯುವುದು, ರೊಟ್ಟಿ ತಿರುವಿ ಹಾಕುವುದು ಕಲಿಯುತ್ತಿದ್ದಳು. ಅಲ್ಲಿಯ ಅಕ್ಕೋರು ಪ್ರತಿ ಕೆಲಸವನ್ನೂ ಹಿಂದಿನಿಂದ ಕಲಿಸುತ್ತಿದ್ದರು. ಮೊದಲಿನದೆಲ್ಲ ತಾವೇ ಮಾಡಿ, ಕೊನೆಯದೊಂದನ್ನು ಮಗುವಿಗೆ ಬಿಡುವುದು. ಅದು ಬಂದ ಮೇಲೆ ಅದರ ಹಿಂದಿನದು. ಕೆಲಸ ಪೂರ್ತಿಯಾದಾಗ ಬೆನ್ನ ಮೇಲೆ ಕೈಯಿಟ್ಟು "ಮುಗೀತು" ಎನ್ನುವರು. ಗಿರಿಜಾಗೆ ಆ ಮಾತು ಬೇಕೇ ಬೇಕು. ಅನ್ನದಿದ್ದರೆ ತೊಳೆದ ತಾಟನ್ನೇ ಮತ್ತೆ ತೊಳೆಯುತ್ತ ಕೂರುವಳು. ಸ್ನಾನ ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ನಾನಿದ್ದೇನಲ್ಲ, ಯಾಕೆ ಅವಸರ ಎಂದುಕೊಂಡಿದ್ದೆ.

ಈಗ ಅವಸರವಾಯಿತು. ಅಷ್ಟರಲ್ಲೇ ಆಪರೇಷನ್ನಿನ ದಿನ ಬಂತು.

ನನ್ನ ತಂಗಿ ಶಾಂತಾ ಬೈಲಹೊಂಗಲದಲ್ಲೇ ಇರುವುದು. ಮನೆಯಲ್ಲೇ ಖಾನಾವಳಿ. ಗಿರಿಜಾ ನನ್ನ ಹತ್ತಿರ ಇರಲಿ, ಸಾಲಿ ಸಮೀಪ ಎಂದು ತಾನಾಗಿ ಕೇಳಿದಳು. ಆ ಹೊತ್ತಿಗೆ ಅವಳು ನನಗೆ ತಂಗಿಯಲ್ಲ, ತಾಯಿ ಅನ್ನಿಸಿದಳು. ಔಷಧ, ಊಟ, ನಿದ್ದೆ ಎಲ್ಲ ಹೇಳಿಕೊಟ್ಟೆ. ಕೊನೆಗೆ ಕೈ ಹಿಡಿದು ಹೇಳಿದೆ: "ಮುಗೀತು ಅನ್ನೂದನ್ನ ಮರೀಬ್ಯಾಡವಾ. ಅನ್ಲಿಲ್ಲಂದ್ರ ಅಕಿ ಬಿಟ್ಟು ಏಳೂದಿಲ್ಲ."

ಕೀಮೋ ಬಗ್ಗೆ ಹೆಚ್ಚು ಬರೆಯಲಾರೆ. ಅದು ನಡೆದಷ್ಟು ತಿಂಗಳೂ ನಾನೂ ಯಜಮಾನರೂ ಬೆಳಗಾವಿಯಲ್ಲೇ ಉಳಿದೆವು. ವಾಂತಿ. ಬಾಯಿ ತುಂಬ ಹುಣ್ಣು. ದಿಂಬಿನ ಮೇಲೆ ಕೂದಲು. ಸ್ವಲ್ಪ ಶಕ್ತಿ ಬಂದಾಗ ಯಜಮಾನರು ಆಸ್ಪತ್ರೆ ಎದುರಿನ ಎಸ್‌ಟಿಡಿ ಬೂತಿಗೆ ಕರೆದೊಯ್ಯುವರು. ಶಾಂತಾ ಪ್ರತಿ ಸಲವೂ ಅದೇ ಹೇಳುವಳು: ಅರಾಮ ಅದಾಳ, ಸಾಲಿಗೆ ಹೋಗತಾಳ, ನೀ ಚಿಂತಿ ಮಾಡಬ್ಯಾಡ. ಆ ಮಾತು ಕೇಳಿದ ದಿನ ಎರಡು ತುತ್ತು ಗಂಜಿ ಹೆಚ್ಚಿಗೆ ಇಳಿಯುತ್ತಿತ್ತು. ನಿಜ ಹೇಳುತ್ತೇನೆ, ಔಷಧಕ್ಕಿಂತ ಅದೇ ನನ್ನನ್ನು ಎಬ್ಬಿಸಿ ಕೂಡಿಸಿತು.

ಕೊನೆಯ ಕೀಮೋ ಆದ ಮೇಲೆ ಡಾಕ್ಟರು ಅಂದುಕೊಂಡದ್ದಕ್ಕಿಂತ ಬೇಗ ಬಿಟ್ಟರು. ಶಾಂತಾಗೆ ತಿಳಿಸುವುದಾಗಲಿಲ್ಲ. ತಲೆಗೆ ಸೆರಗು ಬಿಗಿದುಕೊಂಡು ನಡು ಮಧ್ಯಾಹ್ನ ಬೈಲಹೊಂಗಲದಲ್ಲಿ ಬಸ್ಸಿಳಿದು ನೇರ ಅವಳ ಮನೆಗೆ ಹೋದೆವು. ಪಡಸಾಲೆಯಲ್ಲಿ ಜನ ಊಟಕ್ಕೆ ಕುಳಿತಿದ್ದರು. ಗಿರಿಜಾ ಈ ಹೊತ್ತಿನಲ್ಲಿ ಸಾಲಿಯಲ್ಲಿರಬೇಕು. ಕಾಲು ತೊಳೆಯಲು ಹಿತ್ತಲಿಗೆ ಹೋದೆ.

ನಲ್ಲಿಯ ಹತ್ತಿರ ತಾಟುಗಳ ರಾಶಿ. ಅದರ ಹಿಂದೆ ನನ್ನ ಮಗಳು.

ಲಂಗ ಮೊಣಕಾಲವರೆಗೆ ಒದ್ದೆ. ಬೆರಳ ಸಂದುಗಳು ಬಿಳಿಚಿಕೊಂಡು ಒಡೆದಿದ್ದವು. ನನ್ನನ್ನು ನೋಡಿದಳು, ನಕ್ಕಳು, ಏಳಲಿಲ್ಲ. ಕೈ ತಾಟು ತಿಕ್ಕುತ್ತಲೇ ಇತ್ತು. ಕಣ್ಣು ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಮುಗೀತವ್ವಾ," ಎಂದೆ.

ತಕ್ಷಣ ಎದ್ದು ಬಂದು ನನ್ನ ಸೆರಗಿಗೆ ಕೈ ಒರೆಸಿಕೊಂಡಳು.

ಶಾಂತಾ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ, ನಾಚಲೂ ಇಲ್ಲ. "ಸಾಲ್ಯಾಗ ಮಾಡೂದನ್ನ ಇಲ್ಲೆ ಮಾಡ್ಯಾಳಕ್ಕ. ಕಲೀಲಿ ಅಂತ ನೀನ ಅಂದಿದ್ದಿ ಅಲ್ಲಾ."

ನನಗೆ ಜಗಳಾಡಲು ಉಸಿರಿರಲಿಲ್ಲ. ಮಗಳ ಕೈ ಹಿಡಿದು ಸಾಲಿಗೆ ನಡೆದೆ. ಅಕ್ಕೋರು ನಮ್ಮನ್ನು ನೋಡಿ ಬೆರಗಾದರು. ನಾನು ಆಸ್ಪತ್ರೆಗೆ ಹೋದ ವಾರವೇ ಶಾಂತಾ ಬಂದು, ಅಕ್ಕ ಮಗಳನ್ನೂ ಬೆಳಗಾವಿಗೆ ಕರೆದುಕೊಂಡು ಹೋಗಿದ್ದಾಳೆ ಎಂದು ಹೇಳಿಹೋಗಿದ್ದಳಂತೆ.

ಕ್ಯಾನ್ಸರ್ ಗುರುತು ಪರಿಚಯ ಇಲ್ಲದ್ದು. ನನ್ನ ಮೇಲೆ ಅದಕ್ಕೇನು ಮಮತೆ? ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. "ಮುಗೀತು" ಎಂಬ ಮಗಳ ಬೀಗದ ಕೈ ಅವಳಿಗೆ ಕೊಟ್ಟಿದ್ದೆ. ಅವಳು ಬೀಗ ಹಾಕಲು ಅದನ್ನು ಬಳಸಿದಳು. ಆಪರೇಷನ್ನಿನ ಗಾಯ ಮಾಯ್ದಿದೆ, ಇದು ಮಾಯ್ದಿಲ್ಲ. ನಾಗರಪಂಚಮಿಗೆ ಉಂಡಿ ಕಳಿಸಿದ್ದಳು. ಡಬ್ಬಿ ತೆರೆಯದೆ ವಾಪಸು ಕಳಿಸಿದೆ.

ಅಕ್ಕೋರಿಗೆ ಬೇರೆಯದೇ ಸಂಕಟ. "ಕಡೀದನ್ನ ಮೊದಲ ಕಲಿಸಬೇಕು ಅಂತೀವ್ರಿ. ಎಲ್ಲಾದಕ್ಕೂ ಕಡೀದು ಮುಗೀತು ಅನ್ನೂ ಮಾತು. ಅದನ್ನ ನಮ್ಮ ಬಾಯಾಗ ಇಟಗೊಂಡು ಕುಂತಿವಿ," ಎಂದರು. ಆ ಮಾತು ಅವಳೇ ಹೇಳಲಿ ಎಂದು ಅಂದಿನಿಂದ ಸಾಲಿಯಲ್ಲೂ ಮನೆಯಲ್ಲೂ ನಾವು ಬಾಯಿ ಬಿಗಿ ಹಿಡಿದೆವು. ಗಿರಿಜಾ ತಾಟು ತೊಳೆದು ನಮ್ಮ ಮುಖ ನೋಡುವಳು. ನಾವು ಸುಮ್ಮನೆ. ಮತ್ತೆ ತೊಳೆಯುವಳು, ಅಳುವಳು. ಒಡೆದ ಬೆರಳು ಕಂಡಾಗ ಹೇಳಿಬಿಡೋಣ ಎನ್ನಿಸುತ್ತಿತ್ತು. ತುಟಿ ಕಚ್ಚಿ ತಡೆದುಕೊಂಡೆ.

ನನ್ನ ಬಲಗೈ ಈಗ ಹೆಗಲಿನವರೆಗಷ್ಟೇ ಏಳುತ್ತದೆ. ಫಿಸಿಯೋಥೆರಪಿಯವರು ಹೇಳಿದಂತೆ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುತ್ತೇನೆ. ಚೆಕಪ್ಪಿಗೆ ಹೋದಾಗೆಲ್ಲ ಡಾಕ್ಟರು ಯಾರ ಮುಖ ನೋಡುತ್ತಾರೆ ಎಂದು ಕಾಯುತ್ತೇನೆ. ಗಿರಿಜಾ ತನ್ನ ಸ್ನಾನ ತಾನೇ ಮಾಡಿಕೊಳ್ಳುತ್ತಾಳೆ. ಕಿವಿಯ ಹಿಂದೆ ಸೋಪು ಉಳಿಯುತ್ತದೆ, ಉಳಿಯಲಿ. ನನ್ನ ಬೆನ್ನಿಗೆ ನೀರು ಹಾಕುವವಳೂ ಅವಳೇ.

ಹೋದ ಸೋಮವಾರ ಬಿಸಿನೀರು ಹಿತವಾಗಿತ್ತು. ಇನ್ನೊಂದು ತಂಬಿಗೆ ಹಾಕು ಎಂದೆ. ಹಾಕಿದಳು. ಇನ್ನೊಂದು ಎಂದೆ. ಹಾಕಿದಳು. ಮತ್ತೊಂದು ಕೇಳಿದಾಗ ನೀರು ಬೀಳಲಿಲ್ಲ. ತಿರುಗಿ ನೋಡಿದೆ. ಗಿರಿಜಾ ತಂಬಿಗೆಯನ್ನು ಬೋರಲು ಹಾಕಿ, ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಮುಗೀತು," ಎಂದು ಹೊರಗೆ ನಡೆದಳು.

ಕುತ್ತಿಗೆಯ ತುಂಬ ಇನ್ನೂ ಸೋಪಿತ್ತು. ಹಾಗೇ ಕುಳಿತು ನಕ್ಕೆ.