ಫಾತಿಮಾ ಮೇಡಂ ರೈಫಲ್ ಮಾರಿದ್ದು

ಮೊನ್ನೆ ಶನಿವಾರ ಬ್ರಿಕ್‌ಫೀಲ್ಡ್ಸಿನ ಟೈಲರ್ ಅಂಗಡಿಯಲ್ಲಿ ಹೆಂಡತಿಯ ಬ್ಲೌಸಿಗಾಗಿ ಕಾಯುತ್ತ ಕೂತಿದ್ದೆ. ಟೈಲರ್ ಮಷೀನು ಬಿಚ್ಚಿ ಎಣ್ಣೆ ಬಿಡುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ನೆನಪಾದದ್ದು ಹೊಲಿಗೆಯಲ್ಲ, ಬಂದೂಕು. ನೀವು ನಗಬಹುದು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿಯಿಟ್ಟು ಪಕ್ಕದ ಬಟ್ಟೆಗೆ ತೂತು ಮಾಡಿದ್ದೇ ನನ್ನ ಜೀವಮಾನದ ಶಿಕಾರಿ. ಸೈಬರ್‌ಜಯಾದ ಆಫೀಸಿನಲ್ಲಿ ಕೀಬೋರ್ಡು ಕುಟ್ಟುವ ನನಗೆ ಬಂದೂಕಿನ ಎಣ್ಣೆಯ ಪರಿಚಯ ಮಾಡಿಸಿದವರು ನಮ್ಮ ಪಕ್ಕದ ಮನೆಯ ಫಾತಿಮಾ ಮೇಡಂ.

ಮೇಡಂ ಧಾರವಾಡದವರು. ಗಂಡ ಪೆಟಾಲಿಂಗ್ ಜಯಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಮೇಡಂ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಇಬ್ಬರೂ ಎಷ್ಟೋ ವರ್ಷಗಳ ಹಿಂದೆಯೇ ಈ ಮಲಯ್ ನಾಡಿನ ಪ್ರಜೆಗಳಾದವರು. ಗಂಡನಿಗೆ ರೈಫಲ್ ಕ್ಲಬ್ಬಿನ ಹುಚ್ಚು. ಭಾನುವಾರ ಅವರು ಗುರಿ ಹೊಡೆಯುವಾಗ ಮೇಡಂ ತಗಡಿನ ಚಪ್ಪರದಡಿ ಕೂತು ಮಕ್ಕಳ ಪೇಪರ್ ತಿದ್ದುತ್ತಿದ್ದರಂತೆ. ಒಂದು ದಿನ ಗಂಡ ತಮಾಷೆಗೆ, "ನೀನೂ ಒಂದ ಕೈ ನೋಡು" ಎಂದರು. ಮೇಡಂ ಹೊಡೆದ ಐದು ಗುಂಡೂ ಒಂದು ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಮುಂದಿನ ವರ್ಷದಿಂದ ಗಂಡ ಹೊಡೆಯುವುದನ್ನು ಬಿಟ್ಟು ಹೆಂಡತಿಯ ಚೀಲ ಹೊರಲು ಶುರುಮಾಡಿದರು. ಇದನ್ನು ಹೇಳುವಾಗಲೆಲ್ಲ ಮೇಡಂ ಮುಖದಲ್ಲಿ ಸ್ವಲ್ಪ ನಾಚಿಕೆ, ಸ್ವಲ್ಪ ಗರ್ವ ಎರಡೂ ಇರುತ್ತಿದ್ದವು.

ನಾವು ಪಕ್ಕದ ಮನೆಗೆ ಬಂದಾಗ ಗಂಡ ತೀರಿಕೊಂಡಿದ್ದರು. ಮೇಡಂ ಒಬ್ಬರೇ ಪ್ರತಿ ಭಾನುವಾರ ಕ್ಲಬ್ಬಿಗೆ ಹೋಗಿ, ಅಲ್ಲೇ ಬೀರುವಿನಲ್ಲಿಟ್ಟಿದ್ದ ತಮ್ಮ ರೈಫಲ್ಲಿನಿಂದ ಗುರಿ ಹೊಡೆದು ಬರುತ್ತಿದ್ದರು. ನನ್ನ ಮಗಳಿಗೆ ಅವರು ಕನ್ನಡದಲ್ಲಿ ಭಾಗಾಕಾರ ಹೇಳಿಕೊಟ್ಟರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಲೆಕ್ಕ ಮಾತ್ರ ಸರಿಯಾಗಿ ಬರುತ್ತಿತ್ತು. ಹಾಗಿರುವಾಗ ಮೇಡಂ ಬಲಗೈ ನಡುಗತೊಡಗಿತು. ಮೊದಲು ಸೀಮೆಸುಣ್ಣ, ಆಮೇಲೆ ಚಮಚ ಕೈಜಾರಿತು. ಡಾಕ್ಟರು ಬಂದೂಕು ಮುಟ್ಟಕೂಡದು ಎಂದರು.

"ತಮ್ಮಾ, ಲೈಸೆನ್ಸ್ ಮುಗ್ಯಾಕ ಇನ್ನ ನಾಕ ತಿಂಗಳ ಐತಿ. ಅಷ್ಟರಾಗ ಯಾರಿಗರ ಕಾಯ್ದೆ ಪ್ರಕಾರ ಮಾರಬೇಕು. ಇಲ್ಲಾಂದ್ರ ಪೊಲೀಸರಿಗೆ ಒಪ್ಪಿಸಿ ಬಿಡೂದು. ಅವ್ರು ಅದನ್ನ ಮುರ್ದ ಹಾಕ್ತಾರ" ಎಂದರು ಮೇಡಂ ಒಂದು ಸಂಜೆ.

ಮಾರುವುದು ಎಂದರೆ ನನಗೆ ಹಳೇ ಸೋಫಾ ಮಾರಿದ ಅನುಭವವಿತ್ತು. ಹುರುಪಿನಿಂದ ನಾನೇ ಹೊಣೆ ಹೊತ್ತುಕೊಂಡೆ. ಕ್ಲಬ್ಬಿನವರಿಗೆಲ್ಲ ವಿಷಯ ಮುಟ್ಟಿಸಿದೆ. ವಾರದೊಳಗೆ ದಕ್ಷಿಣದ ಜೋಹೋರ್ ರಾಜ್ಯದಿಂದ ಒಬ್ಬನ ಫೋನು ಬಂತು. ಮಾತು ಬೆಣ್ಣೆಯಂತಿತ್ತು. ಹೇಳಿದ ಬೆಲೆಗೆ ಚೌಕಾಸಿಯಿಲ್ಲ. "ಪೇಪರ್ ಕೆಲಸ ನಿಧಾನ. ಮೇಡಂ ಅದನ್ನ ಕ್ಲಬ್ಬಿನಿಂದ ಹೊರಗೆ ತಂದುಕೊಟ್ಟರೆ ಸಾಕು, ಉಳಿದದ್ದು ಆಮೇಲೆ ನೋಡೋಣ" ಎಂದ. ನಾನು ಆಗಲಿ ಎಂದುಬಿಟ್ಟೆ. ಗೆದ್ದವನಂತೆ ಮೇಡಂ ಮನೆಗೆ ಹೋದೆ.

"ಯಾರಂವ?" ಎಂದರು.

"ಜೋಹೋರಿನವರು ಮೇಡಂ. ಬಿಸಿನೆಸ್ ಅಂತೆ."

"ಅದಲ್ಲ. ಅಂವ ಎಲ್ಲಿ ಗುರಿ ಹೊಡೀತಾನ? ಯಾವ ಕ್ಲಬ್ಬು? ಅಂವನ ಲೈಸೆನ್ಸ್ ನೋಡಿದೇನು?"

ನಾನು ನೋಡಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಮೇಡಂ ಬೈಯಲಿಲ್ಲ. ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಹೇಳುವಂತೆ ಮೆತ್ತಗೆ ಹೇಳಿದರು: "ಇಷ್ಟ ವರ್ಷದಾಗ ಅದರಿಂದ ಹೊಂಟ ಒಂದೊಂದ ಗುಂಡು ಎಲ್ಲಿ ಹೋತು ಅಂತ ನನಗ ಗೊತ್ತೈತಿ. ಕಾಗದಕ್ಕ ಹೋತು, ಮಣ್ಣಿಗೆ ಹೋತು. ಈಗ ಬಂದೂಕ ಎಲ್ಲಿ ಹೋತು ಅಂತ ಗೊತ್ತಿಲ್ಲದಂಗ ಹೆಂಗ ಕೊಡ್ಲಿ?"

ಮತ್ತೆ ಫೋನು ಮಾಡಿ ಬೇಡವೆಂದಾಗ ಆ ಬೆಣ್ಣೆಯ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅವನ ಬೈಗುಳಕ್ಕಿಂತ ಮೇಡಂ ಕೇಳಿದ ಮೂರು ಪ್ರಶ್ನೆಗಳೇ ನನ್ನನ್ನು ಬಹಳ ದಿನ ಚುಚ್ಚಿದವು.

ಎರಡು ತಿಂಗಳು ಯಾರೂ ಬರಲಿಲ್ಲ. ಮೇಡಂ ಪೊಲೀಸರಿಗೆ ಒಪ್ಪಿಸುವ ಅರ್ಜಿ ಬರೆದೇ ಇಟ್ಟಿದ್ದರು. ಆಗ ಪೆರಾಕ್ ರಾಜ್ಯದ ಇಪೋದಿಂದ ಕೋಗಿಲವಾಣಿ ಎಂಬ ತಮಿಳು ಹೆಣ್ಣುಮಗಳು ವಿಚಾರಿಸಿದಳು. ಶಾಲೆಯಲ್ಲಿ ಆಟದ ಟೀಚರ್; ಕ್ಲಬ್ಬಿನ ಬಂದೂಕನ್ನು ಎರವಲು ಪಡೆದು ಸ್ಪರ್ಧೆಗೆ ಹೋಗುತ್ತಿದ್ದವಳು. ಫೋನಿನಲ್ಲಿ ನಾನು ಕೇಳುವ ಮೊದಲೇ ತನ್ನ ಕ್ಲಬ್ಬು, ಕಾಗದಪತ್ರಗಳ ವಿವರ ಹೇಳಿದಳು. ಮೇಡಂ, "ಬಂದ ನನ್ನ ಮುಂದ ಹೊಡೀಲಿ" ಎಂದರು.

ಬಂದಳು. ಕ್ಲಬ್ಬಿನ ಮೇಲ್ವಿಚಾರಕರ ಎದುರು ಮಲಗಿ ಗುರಿಯಿಟ್ಟಳು. ಹೆದರಿಕೆಗೋ ಏನೋ, ಮೊದಲ ಮೂರು ಗುಂಡು ಎಲ್ಲೆಲ್ಲೋ ಹೋದವು. ಮುಗಿಯಿತು ಅಂದುಕೊಂಡೆ. ಆಕೆ ಮೆಲ್ಲಗೆ ಗುಂಡು ತುಂಬುವ ಬೋಲ್ಟ್ ಎಳೆದು, ಒಳಗೆ ಗುಂಡಿಲ್ಲವೆಂದು ನೋಡಿ, ರೈಫಲ್ ಕೆಳಗಿಟ್ಟು, ಆಮೇಲೆ ತಿರುಗಿ, "ಸಾರಿ, ಮೇಡಂ" ಎಂದಳು.

ಮೇಡಂ ಗುರಿಯ ಕಾಗದವನ್ನು ನೋಡಲೇ ಇಲ್ಲ. ನನ್ನ ಕಡೆ ಬಾಗಿ, "ಮೊದಲ ಅದನ್ನ ಇಟ್ಟು, ಆಮ್ಯಾಲ ಮಾತಾಡಿದ್ಳು ನೋಡು. ಇಕಿಗೆ ಕೊಡೂಣು" ಎಂದರು.

ಒಪ್ಪಿದ್ದು ಸುಲಭ, ಕೊಟ್ಟದ್ದು ಸುಲಭವಲ್ಲ. ಮೊದಲು ಪೆರಾಕ್ ಪೊಲೀಸರು ಕೋಗಿಲವಾಣಿಗೆ ಒಪ್ಪಿಗೆ ಕೊಡಬೇಕು. ಆ ಕಾಗದ ಬಂದ ಮೇಲೆ ನಮ್ಮ ಸೆಲಾಂಗೋರ್ ರಾಜ್ಯದ ಪೊಲೀಸರು ಮಾರಲು ಬಿಡಬೇಕು. ಬಂದೂಕು ಲೈಸೆನ್ಸ್ ಇರುವ ವ್ಯಾಪಾರಿಯ ಕೈಯಿಂದಲೇ ಅತ್ತ ಹೋಗಬೇಕು. ನಾನು ರಜೆ ಹಾಕಿ ಕಾರು ಓಡಿಸಿದೆ. ಠಾಣೆಯಲ್ಲಿ ಒಬ್ಬ ಅಧಿಕಾರಿ ಅರ್ಜಿ ನೋಡಿ, ನನ್ನನ್ನು ನೋಡಿ, "ಬಂದೂಕು ಯಾರದು?" ಎಂದು ಕೇಳಿದರು. ಮೇಡಂ ನಡುಗುವ ಕೈ ಎತ್ತಿದರು. ಅಧಿಕಾರಿ ಎದ್ದು ನಿಂತು ಕುರ್ಚಿ ತಂದುಕೊಟ್ಟರು. ಪೆರಾಕಿನ ಕಾಗದದಲ್ಲಿ ಬಂದೂಕಿನ ನಂಬರಿನ ಒಂದು ಅಂಕಿ ತಪ್ಪಿತ್ತು. ಯಾರೂ ಗಮನಿಸಿರಲಿಲ್ಲ. ಮೇಡಂ ತಾವೇ ತೋರಿಸಿ ಹಿಂದಕ್ಕೆ ಕಳಿಸಿದರು. ತಿದ್ದಿದ ಕಾಗದ ಬಂದಾಗ ಅವರ ಲೈಸೆನ್ಸಿಗೆ ಆರೇ ದಿನ ಉಳಿದಿತ್ತು.

ವ್ಯಾಪಾರಿಯ ಅಂಗಡಿಯಲ್ಲಿ ಮೇಡಂ ಕೊನೆಯ ಸಲ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟು ಸಹಿ ಹಾಕಿದರು. ಬರುವಾಗ ತಮಿಳು ಮುಸ್ಲಿಮರ ಮಮಕ್ ಹೋಟೆಲೊಂದು ಕಂಡಾಗ, "ನಿಲ್ಸು, ಚಹಾ ಕುಡಿಯೂಣು" ಎಂದರು. ಎರಡೂ ಕೈಯಲ್ಲಿ ಹಿಡಿದರೂ ಲೋಟ ತುಳುಕಿತು.

"ಅವ್ರು ಹೋದ ಮ್ಯಾಲೂ ಐತವಾರ ಅಂದ್ರ ಒಂದ ಕೆಲಸ ಇತ್ತು ತಮ್ಮಾ. ಇನ್ನ ಏನ ಮಾಡ್ಲಿ?" ಎಂದರು. ಅವರ ಕೈಗೆ ಟಿಶ್ಯೂ ಕೊಟ್ಟು, ಮೇಜಿನ ಮೇಲೆ ಚೆಲ್ಲಿದ ಚಹಾ ಒರೆಸಿದೆ.

ಅದಾಗಿ ಮೂರು ವರ್ಷ. ಮೊನ್ನೆ ಟೈಲರಿನ ಅಂಗಡಿಯಿಂದ ಬಂದವನು, ಬ್ಲೌಸನ್ನು ಮನೆಗೂ ಕೊಡದೆ ನೇರ ಮೇಡಂ ಮನೆ ಬೆಲ್ ಒತ್ತಿದೆ. ಎಷ್ಟು ದಿನವಾಗಿತ್ತೋ ಹೋಗಿ. ಮೇಡಂ ಫೋನಿನಲ್ಲಿ ಯಾರನ್ನೋ ಇಂಗ್ಲಿಷು, ಮಲಯ್, ತಮಿಳು ಬೆರೆಸಿ ಗದರುತ್ತಿದ್ದರು. ಮೊದಲು ಉಸಿರು ಬಿಡು, ಆಮೇಲೆ ಬೆರಳು ಒತ್ತು ಎಂಬುದು ಅದರ ಸಾರ. ಕೋಗಿಲವಾಣಿಯೊಡನೆ ವಾರ ವಾರವೂ ಈ ಮಾತು ನಡೆಯುತ್ತಿತ್ತಂತೆ. ಇಪೋಗೆ ಬನ್ನಿ ಎಂದು ಅವಳು ಕರೆಯುತ್ತಲೇ ಇದ್ದಳಂತೆ. "ಈ ಕೈ ತಗೊಂಡ ಅಲ್ಲಿ ಏನ ಹೋಗೂದು" ಎಂದು ಮೇಡಂ ತಳ್ಳುತ್ತ ಬಂದಿದ್ದರು. ಗೋಡೆಯಾಚೆ ಇದ್ದ ನನಗೆ ಇದೊಂದೂ ತಿಳಿದಿರಲಿಲ್ಲ.

"ನಾಳೆ ನಾನು ಕರಕೊಂಡು ಹೋಗ್ತೀನಿ ಮೇಡಂ" ಎಂದೆ.

ನಿನ್ನೆ ಇಪೋದ ಕ್ಲಬ್ಬಿಗೆ ಹೋದೆವು. ಕೋಗಿಲವಾಣಿ ರೈಫಲ್ ಸಿದ್ಧಮಾಡಿ, ಮರಳಿನ ಚೀಲದ ಮೇಲೆ ಆನಿಸಿ, ಒಂದೇ ಒಂದು ಗುಂಡು ನೀವು ಹೊಡೆಯಿರಿ ಎಂದು ಬೇಡಿಕೊಂಡಳು. ಮೇಡಂ ಅದರ ಹಿಡಿಯನ್ನು ಒಮ್ಮೆ ಸವರಿ ಕೈ ಹಿಂದಕ್ಕೆಳೆದುಕೊಂಡರು.

"ಅದು ಈಗ ಇಕಿ ಹೆಸರಿನಾಗ ಐತಿ, ನಾ ಹೊಡೀಬಾರದು" ಎಂದು ನನಗೆ ಹೇಳಿ, ಹಿಂದೆ ಕುರ್ಚಿ ಹಾಕಿಸಿಕೊಂಡು ದುರ್ಬೀನಿಗೆ ಕಣ್ಣಿಟ್ಟರು. ಮಧ್ಯಾಹ್ನದವರೆಗೆ ಕೋಗಿಲವಾಣಿಯ ಒಂದೊಂದು ಗುಂಡು ಎಲ್ಲಿ ಬಿತ್ತೆಂದು ಹೇಳುತ್ತ ಹೋದರು. ಕಾರು ಹತ್ತುವಾಗ ನನ್ನ ತೋಳು ಹಿಡಿದುಕೊಂಡು ಕೇಳಿದರು:

"ತಮ್ಮಾ, ಮುಂದಿನ ಐತವಾರ ನಿನಗ ಏನರ ಕೆಲಸ ಐತೇನು?"

ಇತ್ತು. ಇಲ್ಲವೆಂದೆ.